ಹಡಗಿನಲ್ಲೊಂದು ಮಳೆಗಾಲ

ಕೆರಿಬಿಯನ್ ದ್ವೀಪಗಳನ್ನು ಸುತ್ತುವ ಪ್ರವಾಸಿ ಹಡಗು ಹತ್ತುವ ಹಿಂದಿನ ರಾತ್ರಿ, ಸಾನ್ ಹುವಾನ್ ನಗರದ ಹೋಟೆಲ್ ಕೋಣೆಯಲ್ಲಿ, ನಮ್ಮವರು ಪ್ರವಾಸದ ಕಾಗದವನ್ನು ಮೂರನೆಯ ಸಲ ಓದಿದರು. ಎರಡನೆಯ ದಿನದ ಎದುರಿಗೂ ಏಳನೆಯ ದಿನದ ಎದುರಿಗೂ ಊರಿನ ಹೆಸರಿಲ್ಲದೆ ‘ಸಮುದ್ರದಲ್ಲಿ’ ಎಂದಷ್ಟೇ ಬರೆದಿತ್ತು. ಅದರ ಮೇಲೆ ಬೆರಳಿಟ್ಟು, “ಈ ಎರಡು ದಿನ ನಾವು ಮಾಡುವುದೇನು?” ಎಂದು ಕೇಳಿದರು. “ಏನೂ ಇಲ್ಲ” ಎಂದೆ. “ಏನೂ ಇಲ್ಲ ಎಂದರೆ?” ಎಂದರು. ಮೂವತ್ತೆರಡು ವರ್ಷಗಳ ಸಂಸಾರದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವ ಸಂದರ್ಭ ಒಮ್ಮೆಯೂ ಬಂದಿರಲಿಲ್ಲವಾದ್ದರಿಂದ ನಾನೂ ಸುಮ್ಮನಾದೆ.

ನಮ್ಮದು ಕೊಡಗಿನ ಮಾದಾಪುರದ ಆಚೆ, ಬೆಟ್ಟದ ಇಳಿಜಾರಿನಲ್ಲಿರುವ ಸಣ್ಣ ಕಾಫಿ ತೋಟ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ತೋಟದವರ ವರ್ಷ ಹೇಗೆ ಕಳೆಯುತ್ತದೆಂಬುದು ಕೊಡಗಿನ ಓದುಗರಿಗೆ ಗೊತ್ತು. ಪುತ್ತರಿ ಮುಗಿಯುವಷ್ಟರಲ್ಲಿ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ, ಕಣದಲ್ಲಿ ಕಾಫಿ ಒಣಗುತ್ತಿರುವಾಗಲೇ ಕಾಳುಮೆಣಸು, ಅದಾದ ಮೇಲೆ ಕಾಫಿಯ ಹೂ ಅರಳಿಸುವ ಹೂಮಳೆ ಬಂದೀತೇ ಎಂದು ಆಕಾಶ ನೋಡುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಹೂಡುವುದು. ಹೂಮಳೆಯೂ ಅದರ ಬೆನ್ನಿಗೆ ಕಾಯಿ ಕಚ್ಚಿಸುವ ಬ್ಯಾಕಿಂಗ್ ಮಳೆಯೂ ಸಕಾಲಕ್ಕೆ ಬಿದ್ದರೆ ಏಪ್ರಿಲ್ ಕೊನೆಗೆ ಮೂರು ವಾರ ಉಸಿರಾಡಬಹುದು. ಕೆರಿಬಿಯನ್ ಸಮುದ್ರದಲ್ಲಿ ಚಂಡಮಾರುತದ ಕಾಲವೆಂದು ಗುರುತಿಸಿರುವುದು ಜೂನ್ 1ರಿಂದ ನವೆಂಬರ್ 30ರವರೆಗೆ. ನಮ್ಮ ಮುಂಗಾರು ಶುರುವಾಗುವುದೂ ಜೂನ್‌ನಲ್ಲೇ. ಹೀಗೆ ಆ ಸಮುದ್ರಕ್ಕೂ ನಮ್ಮ ತೋಟಕ್ಕೂ ಹೊಂದುವ ಅವಧಿ ಒಂದೇ ಆಗಿದ್ದುದರಿಂದ, ಇವರಿಗೆ ಅರವತ್ತು ತುಂಬಿದ ನೆಪದಲ್ಲಿ ನ್ಯೂಜೆರ್ಸಿಯಲ್ಲಿರುವ ಮಗಳು ಹಟ ಹಿಡಿದು ಟಿಕೆಟ್ ತೆಗೆದಾಗ ಇವರ ಬಳಿ ತಪ್ಪಿಸಿಕೊಳ್ಳಲು ಕಾರಣವೇ ಉಳಿಯಲಿಲ್ಲ. ಆದರೂ ಹೊರಡುವ ದಿನದವರೆಗೂ ತೋಟದ ಗುಮಾಸ್ತ ರೈಟರಿಗೆ ಕೆಲಸದ ಪಟ್ಟಿ ಬರೆದುಕೊಡುತ್ತಲೇ ಇದ್ದರು. ಕೊನೆಗೆ ಅದು ಒಂದು ನೋಟ್‌ಪುಸ್ತಕವಾಯಿತು.

ವೀಸಾದ ವಿಷಯವನ್ನು ಕೇಳುವವರು ಬಹಳ ಮಂದಿ ಇರುವುದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಾನ್ ಹುವಾನ್ ಇರುವುದು ಪೋರ್ಟೊ ರಿಕೊ ದ್ವೀಪದಲ್ಲಿ. ಅದು ಅಮೆರಿಕದ ಆಡಳಿತಕ್ಕೆ ಸೇರಿದ್ದು. ಹಡಗು ಅಲ್ಲಿಂದ ಹೊರಟು ಬೇರೆ ದೇಶಗಳನ್ನು ಸುತ್ತಿ ಮತ್ತೆ ಅಲ್ಲಿಗೇ ಮರಳುವುದರಿಂದ, ಹಲವು ಬಾರಿ ಪ್ರವೇಶಿಸಲು ಅನುಮತಿಯಿರುವ ಅಮೆರಿಕದ ವೀಸಾ ಬೇಕು. ಡೊಮಿನಿಕ, ಬಾರ್ಬಡೋಸ್, ಗ್ರೆನೇಡಾಗಳಿಗೆ ಭಾರತೀಯರು ಅಲ್ಪಾವಧಿಯ ಭೇಟಿಗೆ ವೀಸಾ ಇಲ್ಲದೆ ಹೋಗಬಹುದು. ಸೇಂಟ್ ಲೂಸಿಯಾದ ನಿಯಮವನ್ನು ಟಿಕೆಟ್ ತೆಗೆಯುವಾಗಲೇ ಕೇಳಿ ಖಚಿತಪಡಿಸಿಕೊಂಡಿದ್ದೆವು. ಮಾರ್ಟಿನಿಕ್, ಗ್ವಾಡಲೂಪ್ ದ್ವೀಪಗಳು ಫ್ರಾನ್ಸಿಗೆ ಸೇರಿದವಾದ್ದರಿಂದ ಅಲ್ಲಿ ನಿಲ್ಲುವ ಹಡಗುಗಳನ್ನು ಮಗಳು ಮೊದಲೇ ಬದಿಗಿಟ್ಟಳು. ಇಷ್ಟು ದೂರ ಹೋಗಿ ಒಂದು ಮುದ್ರೆಯಿಲ್ಲದ ಕಾರಣಕ್ಕೆ ಹಡಗಿನ ಮೇಲಿಂದಲೇ ಊರನ್ನು ನೋಡಿ ಬರುವುದು ಬೇಡವೆಂಬುದು ಅವಳ ಲೆಕ್ಕ.

ರೈಲೂ ಇಲ್ಲದ, ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆಯಿಂದ ಹೊರಟ ನಮಗೆ ಆ ಹಡಗಿನ ಎತ್ತರವನ್ನು ನೋಡಿ ಮೊದಲಿಗೆ ಹೆದರಿಕೆಯಾಯಿತು. ಬಂದರಿನ ಕಟ್ಟೆಯ ಮೇಲೆ ನಿಂತು ಕತ್ತೆತ್ತಿದರೆ ಅದು ಹಡಗಿನಂತೆ ಕಾಣುವುದಿಲ್ಲ, ಹೊಳೆಯ ದಡದಲ್ಲಿ ಯಾರೋ ಒಂದು ಪೇಟೆಯನ್ನೇ ನಿಲ್ಲಿಸಿದಂತೆ ಕಾಣುತ್ತದೆ. ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷತೆಯ ಪಾಠ. ಅಪಾಯ ಬಂದರೆ ಯಾವ ಬಾಗಿಲಿಗೆ ಹೋಗಬೇಕು, ಲೈಫ್ ಜಾಕೆಟ್ಟನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದನ್ನು ಹಡಗು ಹೊರಡುವ ಮೊದಲೇ ಎಲ್ಲರೂ ಕಲಿಯಬೇಕು. ನಮ್ಮ ಶಾಲೆಯ ಮಕ್ಕಳಿಗಿಂತ ಆ ಪ್ರವಾಸಿಗರು ಹೆಚ್ಚು ಗಲಾಟೆ ಮಾಡಿದರು. ನಾನು ಮಾತ್ರ ಮುಂದಿನ ಸಾಲಿನಲ್ಲಿ ನಿಂತು ಕೇಳಿಸಿಕೊಂಡೆ. ಸಂಜೆಗೆ ಹಡಗು ಎಲ್ ಮೊರೊ ಕೋಟೆಯ ಬುಡದಲ್ಲೇ ಹಾದು ಹೊರಬಿತ್ತು. 1539ರಲ್ಲಿ ಸ್ಪೇನಿನವರು ಕಟ್ಟಲು ಆರಂಭಿಸಿದ ಆ ಕೋಟೆ ಹಿಂದೆ ಸರಿದು ಸಣ್ಣದಾಗುತ್ತಾ ಹೋದಂತೆ ಇವರ ಫೋನಿನ ಸಿಗ್ನಲ್ಲೂ ಒಂದೊಂದೇ ಗೆರೆ ಕಳೆದುಕೊಂಡಿತು.

ಹಡಗಿನಲ್ಲಿ ಇಂಟರ್ನೆಟ್ ಇಲ್ಲವೆಂದಲ್ಲ, ಅದಕ್ಕೆ ಬೇರೆ ಹಣ ಕೊಡಬೇಕು. ಫೋನನ್ನು ವಿಮಾನದ ಸ್ಥಿತಿಯಲ್ಲಿ ಇಡದಿದ್ದರೆ ಅದು ತಾನಾಗಿಯೇ ಹಡಗಿನ ಜಾಲಕ್ಕೆ ಅಂಟಿಕೊಂಡು, ಊರಿಗೆ ಬಂದ ಮೇಲೆ ಬಿಲ್ಲಿನಲ್ಲಿ ಮಾತನಾಡುತ್ತದೆ ಎಂದು ಮಗಳು ಎಚ್ಚರಿಸಿದ್ದಳು. ಇಂಟರ್ನೆಟ್ ಕೊಳ್ಳುವುದು ಬೇಡವೆಂದು ನಾನು ಹೇಳಿದ್ದೆ, ಇವರು ಒಪ್ಪಿಯೂ ಇದ್ದರು. ಆದರೆ ಮೊದಲ ರಾತ್ರಿ ಒಂಬತ್ತೂವರೆಗೆ ಕ್ಯಾಬಿನ್‌ನಲ್ಲಿ ಇವರು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಮೇಲಿನ ಡೆಕ್ಕಿನಲ್ಲಿ ಫೋನು ಹಿಡಿದು ನಿಂತಿದ್ದರು. ಅಲ್ಲಿಗೂ ನಮ್ಮ ಊರಿಗೂ ಒಂಬತ್ತೂವರೆ ಗಂಟೆಯ ಅಂತರವಾದ್ದರಿಂದ ಅಲ್ಲಿನ ರಾತ್ರಿ ಒಂಬತ್ತೂವರೆ ಎಂದರೆ ಮಾದಾಪುರದಲ್ಲಿ ಬೆಳಗಿನ ಏಳು. ಆಳುಗಳನ್ನು ಎಣಿಸುವ ಹೊತ್ತು. ಮೂವತ್ತೈದು ವರ್ಷ ಆ ಹೊತ್ತಿಗೆ ಕಣದ ಅಂಚಿನಲ್ಲಿ ನಿಂತು ಅಭ್ಯಾಸವಾದ ಕಾಲುಗಳು, ಭೂಮಿಯ ಇನ್ನೊಂದು ಬದಿಗೆ ಹೋದರೂ ಗಂಟೆ ತಪ್ಪಿಸಿರಲಿಲ್ಲ.

ಮರುದಿನವೇ ಇವರು ಹೆದರಿದ್ದ ಆ ‘ಸಮುದ್ರದಲ್ಲಿ’ ದಿನ. ಅದು ನನಗೂ ಸುಲಭವಾಗಲಿಲ್ಲ. ರಾತ್ರಿ ಹಡಗು ತುಸು ತೂಗಾಡಿ ನನಗೆ ಹೊಟ್ಟೆ ತೊಳಸಿತ್ತು. ಹಡಗಿನ ಕೆಳಗಿನ ಮಾಳಿಗೆಗಳ ನಡುಭಾಗದ ಕ್ಯಾಬಿನ್ನುಗಳಲ್ಲಿ ಓಲಾಟ ಕಡಿಮೆ. ಮಗಳು ಅಂಥದ್ದನ್ನೇ ಆರಿಸಿದ್ದಳು. ಅಷ್ಟಾದರೂ ಬೆಳಗಿನವರೆಗೆ ಒಣಶುಂಠಿ ಜಗಿಯುತ್ತಾ ಮಲಗಿದ್ದೆ. ಎದ್ದಮೇಲೆ ಕಾಫಿಯ ಸಮಸ್ಯೆ. ಬೆಂಕಿಯ ಭಯದಿಂದ ಕ್ಯಾಬಿನ್‌ಗೆ ಕೆಟಲ್ ತರಲು ಬಿಡುವುದಿಲ್ಲ. ಊರಿನಿಂದ ಒಯ್ದ ನಮ್ಮದೇ ತೋಟದ ಪುಡಿಯೂ ಸ್ಟೀಲಿನ ಫಿಲ್ಟರೂ ಪೆಟ್ಟಿಗೆಯಲ್ಲಿದ್ದವು. ಬಫೆಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತಂದು, ಬಚ್ಚಲಿನ ಕಲ್ಲಿನ ಮೇಲೆ ಫಿಲ್ಟರ್ ಇಟ್ಟು ಡಿಕಾಕ್ಷನ್ ಇಳಿಸಿದೆ. ಹಡಗಿನವರ ಕಾಫಿಯನ್ನು ಹೀಗಳೆಯುವುದಿಲ್ಲ. ಆದರೆ ಅದನ್ನು ಒಮ್ಮೆ ಕುಡಿದು ಇವರು ಲೋಟವನ್ನು ಕೆಳಗಿಟ್ಟ ರೀತಿಯನ್ನು ನೋಡಿದ ಮೇಲೆ ಬೇರೆ ದಾರಿಯಿರಲಿಲ್ಲ.

ಹಡಗಿನಲ್ಲಿ ಮಾಡಲು ಬೇಕಾದಷ್ಟಿತ್ತು. ಈಜುಕೊಳ, ನಾಟಕಶಾಲೆ, ಜೂಜಿನ ಮನೆ, ನೃತ್ಯದ ಪಾಠ, ಹಾಡಿನ ಸ್ಪರ್ಧೆ ಎಲ್ಲವೂ ಇದ್ದವು. ಇವರು ಬೆಳಗಿನ ತಿಂಡಿಯ ಹೊತ್ತಿಗೆ ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಗುರುತು ಹಾಕಲು ಶುರುಮಾಡಿದರು. ಅದೂ ಒಂದು ಕೆಲಸದ ಪಟ್ಟಿಯಾಗುತ್ತಿರುವುದನ್ನು ಕಂಡು ನಾನು ಹಾಳೆಯನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡೆ. ಎರಡು ಕುರ್ಚಿಗಳನ್ನು ನೆರಳಿಗೆ ಎಳೆದುಕೊಂಡು ಕುಳಿತೆವು. ಒಂದು ಗಂಟೆ ಕಳೆಯಿತು. ಎದುರಿಗೆ ನೀರು ಬಿಟ್ಟರೆ ಬೇರೇನೂ ಇಲ್ಲ, ಆ ನೀರೂ ನಾವು ಗೋಕರ್ಣದಲ್ಲಿ ಕಂಡ ಬಣ್ಣದ್ದಲ್ಲ, ನೀಲಿಯ ಶಾಯಿ ಚೆಲ್ಲಿದಂತಿತ್ತು. ಹಡಗಿನ ಮೂತಿಗೆ ಹೆದರಿ ಹಾರುಮೀನುಗಳು ಗುಂಪು ಗುಂಪಾಗಿ ಎದ್ದು, ಗದ್ದೆಯಿಂದ ಮಿಡತೆ ಎದ್ದಂತೆ ನೀರಿನ ಮೇಲೆ ಬಹು ದೂರ ತೇಲಿ ಮತ್ತೆ ಮುಳುಗುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ಇವರು, “ಆಟಿ ತಿಂಗಳಲ್ಲಿ ಅಜ್ಜಿಯ ಮನೆಯಲ್ಲಿ ಹೀಗೇ ಕೂರುತ್ತಿದ್ದೆವು” ಎಂದರು.

ನನಗೆ ಹೊಳೆಯದಿದ್ದ ಮಾತನ್ನು ಇವರು ಹೇಳಿಬಿಟ್ಟರು. ನಾವು ಚಿಕ್ಕವರಾಗಿದ್ದಾಗ ಕೊಡಗಿನಲ್ಲಿ ಬಿಡುವು ಎಂಬುದನ್ನು ಯಾರೂ ಹುಡುಕಿಕೊಂಡು ಹೋಗುತ್ತಿರಲಿಲ್ಲ, ಮಳೆಯೇ ಅದನ್ನು ಮನೆಗೆ ತಂದು ಕೊಡುತ್ತಿತ್ತು. ನಾಟಿ ಮುಗಿದ ಮೇಲೆ ಹೊಳೆ ಉಕ್ಕಿ ದಾರಿ ಮುಚ್ಚಿದರೆ ಯಾರೂ ಬರುವಂತಿಲ್ಲ, ಯಾರೂ ಹೋಗುವಂತಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದ ಹಲಸಿನ ಬೀಜ, ಮಡಕೆಯಲ್ಲಿ ಹುರುಳಿ, ಕೆಸುವಿನ ಸಾರು, ಕಕ್ಕಡ ಎಂದೂ ಕರೆಯುವ ಆಟಿಯ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ, ಉಳಿದಂತೆ ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತು ಮಳೆ ನೋಡುವುದೇ ದಿನಚರಿ. ಹಡಗೆಂದರೆ ಅದೇ. ಸುತ್ತ ನೀರು, ಹೊರಗೆ ಹೋಗುವಂತಿಲ್ಲ, ಹೊತ್ತುಹೊತ್ತಿಗೆ ಬಿಸಿ ಊಟ ಬರುತ್ತದೆ. (ಆ ಮಳೆಗಾಲದ ಸುಖ ಜಗಲಿಯವರದ್ದೇ ಹೊರತು ಲೈನ್ ಮನೆಗಳ ಕೂಲಿಯವರದ್ದಾಗಿರಲಿಲ್ಲ, ಅವರಿಗೆ ಅದು ಕೂಲಿಯಿಲ್ಲದ ಕಾಲ ಎಂಬುದು ನನಗೆ ಅರ್ಥವಾಗಲು ಶಾಲೆಯ ಹಾಜರಿ ಪುಸ್ತಕ ಬೇಕಾಯಿತು.) ಆ ದಿನ ಮಧ್ಯಾಹ್ನ ಊಟವಾದ ಮೇಲೆ ಇವರು ಕುರ್ಚಿಯಲ್ಲೇ ನಿದ್ದೆ ಹೋದರು. ಮೂರು ಗಂಟೆ ಎಚ್ಚರವಾಗಲಿಲ್ಲ. ಇವರು ಹಗಲಿನಲ್ಲಿ ನಿದ್ದೆ ಮಾಡಿದ್ದನ್ನು ನಾನು ಕೊನೆಯ ಸಲ ಕಂಡದ್ದು ಜ್ವರ ಬಂದಾಗ.

ಮೂರನೆಯ ದಿನ ಬೆಳಿಗ್ಗೆ ಡೊಮಿನಿಕ. ಇದು ಡೊಮಿನಿಕನ್ ಗಣರಾಜ್ಯವಲ್ಲ, ಅದು ಬೇರೆ ದೇಶ. ಕೊಲಂಬಸ್ 1493ರ ನವೆಂಬರ್ 3ರಂದು ಈ ದ್ವೀಪವನ್ನು ಕಂಡದ್ದು ಭಾನುವಾರವಾದ್ದರಿಂದ ಅದಕ್ಕೆ ಭಾನುವಾರದ ಹೆಸರಿಟ್ಟ. ಅಲ್ಲಿ ಮೊದಲಿನಿಂದಲೂ ಇರುವ ಕಲಿನಾಗೊ ಜನ ಅದನ್ನು ವಾಯ್ಟುಕುಬುಲಿ ಎನ್ನುತ್ತಾರೆ, ‘ಅವಳ ಮೈ ಎತ್ತರ’ ಎಂದು ಅದರ ಅರ್ಥ. ಮುಂಜಾವದ ಮಂಜಿನಿಂದ ಆ ಬೆಟ್ಟಗಳು ಎದ್ದು ಬಂದಾಗ ಯಾವ ಹೆಸರು ಸರಿಯೆಂದು ಕೇಳಬೇಕಾಗಲಿಲ್ಲ. ಇಂಡಿಯಾಕ್ಕೆ ದಾರಿ ಹುಡುಕುತ್ತಾ ಬಂದು ಇಲ್ಲಿ ತಲುಪಿದವರಿಂದಲೇ ಈ ದ್ವೀಪಗಳಿಗೆ ವೆಸ್ಟ್ ಇಂಡೀಸ್ ಎಂಬ ಹೆಸರು ಬಂತೆಂದು ಇಪ್ಪತ್ತೆಂಟು ವರ್ಷ ಕಪ್ಪುಹಲಗೆಯ ಮೇಲೆ ಬರೆದವಳು ನಾನು. ಇಂಡಿಯಾದವಳೇ ಇಲ್ಲಿಗೆ ಬಂದು ನಿಂತದ್ದನ್ನು ನೆನೆದು ಒಬ್ಬಳೇ ನಕ್ಕೆ.

ಭೂಗೋಳದ ಇನ್ನೊಂದು ತಮಾಷೆಯನ್ನೂ ಹೇಳಬೇಕು. ನಮ್ಮಲ್ಲಿ ಮಳೆಯ ಗಾಳಿ ಪಶ್ಚಿಮದಿಂದ ಬರುತ್ತದೆ. ಆದ್ದರಿಂದ ಭಾಗಮಂಡಲ ನೆನೆಯುತ್ತದೆ, ಪೂರ್ವದ ಕುಶಾಲನಗರ ಒಣಗಿರುತ್ತದೆ. ಅಲ್ಲಿ ವ್ಯಾಪಾರ ಮಾರುತಗಳು ಬೀಸುವುದು ಪೂರ್ವದಿಂದ. ಪೂರ್ವದ ಬೆಟ್ಟಗಳು ಮಳೆಯನ್ನು ಹಿಡಿದುಕೊಳ್ಳುತ್ತವೆ, ಪಶ್ಚಿಮದ ಕರಾವಳಿ ಬೆಚ್ಚಗೂ ಶಾಂತವಾಗಿಯೂ ಇರುತ್ತದೆ. ಹಡಗುಗಳು ನಿಲ್ಲುವ ಡೊಮಿನಿಕದ ರೊಸೊ, ಸೇಂಟ್ ಲೂಸಿಯಾದ ಕ್ಯಾಸ್ಟ್ರೀಸ್, ಗ್ರೆನೇಡಾದ ಸೇಂಟ್ ಜಾರ್ಜಸ್ ಪಟ್ಟಣಗಳೆಲ್ಲ ಪಶ್ಚಿಮದ ದಡದಲ್ಲೇ ಇರುವುದು ಇದೇ ಕಾರಣಕ್ಕೆ. ಕೊಡಗಿನ ನಕ್ಷೆಯನ್ನು ಕನ್ನಡಿಯಲ್ಲಿ ನೋಡಿದ ಹಾಗಾಯಿತು. ಇನ್ನು ವಿಸ್ತಾರ ನೋಡಿದರೆ, ಡೊಮಿನಿಕ 750, ಬಾರ್ಬಡೋಸ್ 430, ಗ್ರೆನೇಡಾ 344, ಸೇಂಟ್ ಲೂಸಿಯಾ 617 ಚದರ ಕಿಲೋಮೀಟರ್. ನಾವು ಇಳಿದ ಈ ನಾಲ್ಕು ದೇಶಗಳನ್ನು ಕೂಡಿಸಿದರೂ ಕೊಡಗಿನ 4,102 ಚದರ ಕಿಲೋಮೀಟರಿನ ಅರ್ಧವನ್ನು ತುಸುವೇ ದಾಟುತ್ತದೆ. ನಾಲ್ಕಕ್ಕೂ ಬೇರೆ ಬೇರೆ ಬಾವುಟ, ಬೇರೆ ಬೇರೆ ಪ್ರಧಾನಿ. ಇವರಿಗೆ ಈ ಲೆಕ್ಕ ಬಹಳ ಹಿಡಿಸಿತು.

ರೊಸೊದಿಂದ ಟ್ರಫಾಲ್ಗರ್ ಜಲಪಾತಕ್ಕೆ ನಾವು ಹಡಗಿನವರ ಪ್ರವಾಸದಲ್ಲಿ ಹೋಗದೆ, ಬಂದರಿನ ಹೊರಗೆ ಒಂದು ಟ್ಯಾಕ್ಸಿ ಹಿಡಿದೆವು. ದಾರಿಯುದ್ದಕ್ಕೂ ಮರಜರಿಗಿಡ, ಬಾಳೆ, ಕೆಸು, ಕೋಕೋ, ತಿರುವುಗಳಲ್ಲಿ ಬಂಡೆಯಿಂದ ಜಿನುಗುವ ನೀರು. ಕಿಟಕಿ ಇಳಿಸಿದರೆ ನಮ್ಮ ಗಾಳಿಬೀಡು ರಸ್ತೆಯದೇ ವಾಸನೆ. ಅವರು ಕೆಸುವಿನ ಎಲೆಯನ್ನು ಕಲಲೂ ಎಂಬ ಸೂಪಿಗೆ ಹಾಕುತ್ತಾರೆಂದು ಚಾಲಕ ಹೇಳಿದಾಗ, ನಾವು ಅದನ್ನೇ ಹುಳಿ ಹಾಕಿ ಬೇಯಿಸುತ್ತೇವೆ, ಹುಳಿಯಿಲ್ಲದಿದ್ದರೆ ಗಂಟಲು ತುರಿಸುತ್ತದೆ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ವಿವರಿಸಿದೆ. ಜಲಪಾತ ಎರಡು ಕವಲು. ಎತ್ತರದ್ದನ್ನು ಅಪ್ಪ ಎನ್ನುತ್ತಾರೆ, ಗಿಡ್ಡದ್ದನ್ನು ಅಮ್ಮ. ಅವುಗಳ ಎದುರಿಗೆ ನಿಂತು ಒಂದು ಚಿತ್ರ ತೆಗೆಸಿಕೊಂಡೆವು. ಕೆಳಗೆ ಬಂಡೆಗಳ ನಡುವೆ ಗಂಧಕದ ಬಿಸಿನೀರು ಹರಿಯುತ್ತದೆ, ಅದರಲ್ಲಿ ಕಾಲಿಟ್ಟು ಕುಳಿತೆವು.

ಹಿಂದಿರುಗುವಾಗ ಒಂದು ಗುಡ್ಡದ ಮೇಲೆ ಮಣ್ಣು ಕುಸಿದ ಹಳೆಯ ಗಾಯ ಕಂಡಿತು. ಇವರು ಕಾರು ನಿಲ್ಲಿಸಲು ಹೇಳಿದರು. ಬೇರೆಯವರಿಗೆ ಅದು ಬರಿಯ ಹಸಿರಿಲ್ಲದ ಒಂದು ಪಟ್ಟಿ, ನಮ್ಮ ಕಡೆಯವರಿಗೆ ಅದು ಏನೆಂದು ಹೇಳಬೇಕಾಗಿಲ್ಲ. 2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಚಂಡಮಾರುತ ಐದನೆಯ, ಅಂದರೆ ಅತ್ಯಂತ ತೀವ್ರ ದರ್ಜೆಯಲ್ಲಿ ಡೊಮಿನಿಕವನ್ನು ಹಾದುಹೋಯಿತು. ಆ ದೇಶದ ಪ್ರಧಾನಿಯ ಮನೆಯ ಸೂರೇ ಹಾರಿಹೋಗಿತ್ತು. ಬೆಳಗಾದಾಗ ಇಡೀ ಬೆಟ್ಟದಲ್ಲಿ ಒಂದು ಎಲೆಯೂ ಇರಲಿಲ್ಲ, ಎಲ್ಲವೂ ಕಂದಾಗಿತ್ತು, ನಮ್ಮ ಮನೆಯಿಂದ ಹಿಂದೆಂದೂ ಕಾಣದಿದ್ದ ಊರುಗಳು ಕಾಣುತ್ತಿದ್ದವು ಎಂದು ಚಾಲಕ ಹೇಳಿದ. ಅದಾದ ಹನ್ನೊಂದು ತಿಂಗಳಿಗೆ, 2018ರ ಆಗಸ್ಟ್‌ನಲ್ಲಿ, ನಮ್ಮ ಬೆಟ್ಟಗಳೂ ಜಾರಿದವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಹೆಸರುಗಳನ್ನು ನಾನು ಅವನಿಗೆ ಹೇಳಲಿಲ್ಲ. ನಾವು ಹನ್ನೆರಡು ದಿನ ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದೆವು, ತೋಟದ ಒಂದು ಮೂಲೆ ಹೊಳೆಗೆ ಹೋಯಿತು ಎಂದಷ್ಟೇ ಇವರು ಹೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಈಗಲೂ ಗಾಳಿ ಜೋರಾದರೆ ನಿದ್ದೆ ಬರುತ್ತದೆಯೇ ಎಂದು ಕೇಳಿದ. ಇವರು ಇಲ್ಲವೆಂದು ತಲೆಯಾಡಿಸಿದರು. ಆ ಪ್ರಶ್ನೆಯನ್ನು ಏಳು ವರ್ಷಗಳಲ್ಲಿ ನಾನು ಇವರಿಗೆ ಕೇಳಿರಲಿಲ್ಲ. ಪಕ್ಕದಲ್ಲೇ ಮಲಗುವವಳಿಗೆ ಉತ್ತರ ಗೊತ್ತಿತ್ತೆಂಬುದು ನಿಜ, ಆದರೂ ಕೇಳಿರಲಿಲ್ಲ.

ಆ ರಾತ್ರಿ ಒಂಬತ್ತೂವರೆಗೆ ನಾನೂ ಡೆಕ್ಕಿಗೆ ಹೋದೆ. ಹಡಗಿನ ಮುಂಭಾಗದಲ್ಲಿ ದೀಪ ಕಡಿಮೆಯಿರುವ ಒಂದು ಜಾಗವಿತ್ತು. ದಕ್ಷಿಣದ ಅಂಚಿನಲ್ಲಿ ನಾಲ್ಕು ನಕ್ಷತ್ರಗಳು ಓರೆಯಾಗಿ ಕಂಡವು. ಮಳೆ ಬಿದ್ದು ತೊಳೆದ ಏಪ್ರಿಲ್ ರಾತ್ರಿಗಳಲ್ಲಿ ನಮ್ಮ ಕಣದ ಅಂಚಿನಿಂದ ಇದೇ ಎತ್ತರಕ್ಕೆ ಕಾಣುವ ತ್ರಿಶಂಕು. ಮಡಿಕೇರಿ ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಗ್ರೆನೇಡಾದ ಸೇಂಟ್ ಜಾರ್ಜಸ್ ಹನ್ನೆರಡರಲ್ಲಿ. ಅಕ್ಷಾಂಶ ಒಂದೇ ಆದರೆ ಆಕಾಶವೂ ಒಂದೇ ಎಂದು ಇವರಿಗೆ ವಿವರಿಸಿದೆ. ಸ್ವರ್ಗಕ್ಕೂ ಸೇರದೆ ಭೂಮಿಗೂ ಇಳಿಯದೆ ನಡುವೆ ನೇತಾಡಿದವನನ್ನು ನೋಡುತ್ತಾ, “ನಮ್ಮ ಹಾಗೆ” ಎಂದರು. ಫೋನು ಆ ದಿನ ಕ್ಯಾಬಿನ್‌ನಲ್ಲೇ ಉಳಿದಿತ್ತು.

ಬಾರ್ಬಡೋಸ್ ಇವರ ದಿನ. ಕೊಡಗಿನವರಿಗೆ ಹಾಕಿಯೇ ಮೊದಲು ಎಂಬುದೇನೋ ಸರಿ. ಕುಟುಂಬಗಳ ನಡುವೆಯೇ ಹಾಕಿ ಪಂದ್ಯಾವಳಿ ನಡೆಸುವ ಊರು ನಮ್ಮದು. ಆದರೆ ಇವರು ಚಿಕ್ಕಂದಿನಲ್ಲಿ ರೇಡಿಯೊಗೆ ಕಿವಿಯಿಟ್ಟು ವೆಸ್ಟ್ ಇಂಡೀಸಿನ ಬೌಲರುಗಳಿಗೆ ಹೆದರಿದವರು. ಬ್ರಿಡ್ಜ್‌ಟೌನ್ ಬಂದರಿನಿಂದ ಕೆನ್ಸಿಂಗ್ಟನ್ ಓವಲ್ ದೂರವಿಲ್ಲ, ಬಿಸಿಲಿನಲ್ಲಿ ನಡೆದೇ ಹೋದೆವು. 2024ರ ಜೂನ್ 29ರಂದು ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಭಾರತ ಟಿ20 ವಿಶ್ವಕಪ್ ಗೆದ್ದದ್ದು ಅಲ್ಲಿ. ಕೊನೆಯ ಓವರಿನಲ್ಲಿ ಸೂರ್ಯಕುಮಾರ್ ಯಾದವ್ ಗೆರೆಯ ಮೇಲೆ ಹಿಡಿದ ಕ್ಯಾಚು ಯಾವ ಬದಿಯದೆಂದು ಇವರು ಕಾವಲುಗಾರನೊಂದಿಗೆ ಚರ್ಚೆಗೆ ನಿಂತರು. ನನಗೆ ನೆನಪಾದದ್ದು ರಾಹುಲ್ ದ್ರಾವಿಡ್. 2007ರಲ್ಲಿ ಇದೇ ದ್ವೀಪಗಳಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಅವರ ನಾಯಕತ್ವದ ತಂಡ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. ಹದಿನೇಳು ವರ್ಷಗಳ ಮೇಲೆ ತರಬೇತುದಾರರಾಗಿ ಬಂದು ಅವರು ಕಪ್ಪನ್ನು ಎತ್ತಿಹಿಡಿದು ಕೂಗಿದ್ದನ್ನು ಟಿವಿಯಲ್ಲಿ ಕಂಡು ಇವರು ಕಣ್ಣೊರೆಸಿಕೊಂಡದ್ದಕ್ಕೆ ನಾನು ಸಾಕ್ಷಿ. ಇನ್ನೊಂದು ಕಥೆಯನ್ನು ಇವರು ದಾರಿಯಲ್ಲಿ ಹೇಳಿದರು. 1962ರಲ್ಲಿ ಈ ದ್ವೀಪದಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ನಮ್ಮ ನಾಯಕ ನಾರಿ ಕಾಂಟ್ರ್ಯಾಕ್ಟರ್ ಅವರ ತಲೆಗೆ ಬಿದ್ದಾಗ, ವೆಸ್ಟ್ ಇಂಡೀಸ್ ತಂಡದ ನಾಯಕ ಫ್ರಾಂಕ್ ವೊರೆಲ್ ರಕ್ತ ಕೊಟ್ಟರು.

ಅಂದು ಸಂಜೆ ಹಡಗಿನಲ್ಲಿ ಚೆನ್ನಾಗಿ ಉಡುಪು ತೊಟ್ಟು ಊಟಕ್ಕೆ ಬರಬೇಕಾದ ರಾತ್ರಿ. ಇವರು ಮಗಳ ಮದುವೆಗೆ ಹೊಲಿಸಿದ ಕೋಟನ್ನೂ ನಾನು ನೆರಿಗೆ ಹಿಂದಕ್ಕೆ ಬರುವಂತೆ ನಮ್ಮ ಕೊಡಗಿನ ರೀತಿಯ ಸೀರೆಯನ್ನೂ ಉಟ್ಟು ಹೋದೆವು. ನಮ್ಮ ಮೇಜಿಗೇ ಬರುತ್ತಿದ್ದ ಅಮೆರಿಕದ ವಯಸ್ಸಾದ ದಂಪತಿಯಲ್ಲಿ ಆಕೆ, ಅಂಗಡಿಯಲ್ಲಿ ಕಂಡ ಸೀರೆಗಳು ಹೀಗಿರಲಿಲ್ಲವಲ್ಲ ಎಂದು ಕೇಳಿದರು. ಕಾವೇರಿ ನದಿಯಾಗಿ ಉಕ್ಕಿ ಹರಿದಾಗ ಬಲಮುರಿಯಲ್ಲಿ ಅವಳನ್ನು ತಡೆಯಲು ನಿಂತ ಹೆಂಗಸರ ಸೀರೆಯ ನೆರಿಗೆಗಳು ನೀರಿನ ರಭಸಕ್ಕೆ ಹಿಂದಕ್ಕೆ ಸರಿದವು ಎಂಬ ಕಥೆಯನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ನಿಮ್ಮ ಸೀರೆಯ ಮೇಲೆ ಇನ್ನೂ ನದಿ ಹರಿಯುತ್ತಿದೆ ಎಂದರು. ಆ ಮಾತನ್ನು ಮಗಳಿಗೆ ಬರೆದು ಕಳಿಸಬೇಕೆನಿಸಿತು, ಫೋನಿನಲ್ಲಿ ಜಾಲವಿಲ್ಲದ್ದರಿಂದ ಇವರಿಗೇ ಎರಡು ಸಲ ಹೇಳಿದೆ.

ಆ ಊಟದ ಮನೆಯಲ್ಲೇ ಉಡುಪಿ ಕಡೆಯ ಯುವಕನೊಬ್ಬ ನಮ್ಮ ಮಾತು ಕೇಳಿ ತಟ್ಟೆ ಹಿಡಿದುಕೊಂಡೇ ನಿಂತ. “ಊರಲ್ಲಿ ಮಳೆ ಬಂತಾ ಅಮ್ಮಾ?” ಎಂಬುದು ಅವನ ಮೊದಲ ಪ್ರಶ್ನೆ. ಹಿಂದಿನ ರಾತ್ರಿಯೇ ಹೇಳಿದರೆ ಅಡುಗೆಮನೆಯ ಭಾರತೀಯರು ನಮಗೆ ಬೇಳೆ, ಅನ್ನ, ಚಪಾತಿ ಮಾಡಿಕೊಡುತ್ತಾರೆಂದು ತಿಳಿಸಿದವನು ಅವನೇ. ಅವನದು ಒಂಬತ್ತು ತಿಂಗಳ ಕರಾರು, ಏಳು ತಿಂಗಳಾಗಿತ್ತು, ಅಷ್ಟರಲ್ಲಿ ಇಡೀ ದಿನದ ರಜೆ ಒಂದೂ ಇರಲಿಲ್ಲ. ಯಾವ ದ್ವೀಪ ಚೆನ್ನಾಗಿದೆ ಎಂದು ಇವರು ಕೇಳಿದಾಗ, ಎಲ್ಲಾ ಬಂದರುಗಳನ್ನೂ ನೋಡಿದ್ದೇನೆ ಸರ್, ದ್ವೀಪ ನೋಡಿದ್ದು ಎರಡು ಎಂದ. ಮರುದಿನ ನಾನು ನಮ್ಮ ಕಾಫಿಪುಡಿಯ ಅರ್ಧವನ್ನು ಅವನಿಗೆ ಕೊಟ್ಟೆ. ಬೇಡವೆನ್ನಲಿಲ್ಲ.

ಗ್ರೆನೇಡಾದಲ್ಲಿ ಇವರು ವಿಶ್ರಾಂತಿಯ ವ್ರತವನ್ನು ಮುರಿದರು. ಬಾವುಟದ ಮೇಲೆಯೇ ಜಾಯಿಕಾಯಿಯ ಚಿತ್ರವಿರುವ ದೇಶಕ್ಕೆ ಹೋಗಿ ತೋಟದವನೊಬ್ಬ ಸುಮ್ಮನಿರುವುದು ಹೇಗೆ? ಪಶ್ಚಿಮದ ಕರಾವಳಿಯ ಗುವಾವ್ ಎಂಬ ಮೀನುಗಾರರ ಊರಿನಲ್ಲಿ ಜಾಯಿಕಾಯಿ ಸಂಸ್ಕರಿಸುವ ಹಳೆಯ ಕೇಂದ್ರವಿದೆ. ಬಾಗಿಲಲ್ಲೇ ಜಾಪತ್ರೆಯ ವಾಸನೆ. ಮರದ ದೊಡ್ಡ ತಟ್ಟೆಗಳಲ್ಲಿ ಕಾಯಿಗಳನ್ನು ವಾರಗಟ್ಟಲೆ ಒಣಗಿಸುತ್ತಾರೆ. ಓಡು ಒಡೆದು ತಿರುಳನ್ನು ನೀರಿಗೆ ಹಾಕುತ್ತಾರೆ, ಮುಳುಗಿದ್ದು ಒಳ್ಳೆಯದು, ತೇಲಿದ್ದು ಜೊಳ್ಳು. ನಾವು ಬಿತ್ತನೆಯ ಭತ್ತವನ್ನು ಆರಿಸುವ ವಿದ್ಯೆಯೂ ಇದೇ. ಹೆಂಗಸರು ಸಾಲಾಗಿ ಕುಳಿತು ಕೈಯಿಂದ ವಿಂಗಡಿಸುತ್ತಿದ್ದರು. ಒಬ್ಬಾಕೆಯ ಬೆರಳುಗಳ ವೇಗವನ್ನು ನೋಡಿ ಇವರಿಗೆ ನಮ್ಮ ಕಣದ ನೆನಪಾಗಿರಬೇಕು, ದಿನಕ್ಕೆಷ್ಟು ಕೂಲಿ, ತೂಕಕ್ಕೋ ದಿನಕ್ಕೋ ಎಂದು ವಿಚಾರಣೆ ಶುರುವಾಯಿತು.

2004ರ ಸೆಪ್ಟೆಂಬರ್‌ವರೆಗೆ ಇಂಡೋನೇಷ್ಯಾದ ನಂತರ ಜಗತ್ತಿಗೆ ಅತಿ ಹೆಚ್ಚು ಜಾಯಿಕಾಯಿ ಕೊಡುತ್ತಿದ್ದದ್ದು ಈ ಪುಟ್ಟ ದೇಶ. ಆ ತಿಂಗಳ 7ರಂದು ಬಂದ ಐವನ್ ಚಂಡಮಾರುತ ಮರಗಳನ್ನು ಬುಡಮೇಲು ಮಾಡಿತು. ಕಾಫಿಯಾದರೆ ಮೂರು ನಾಲ್ಕು ವರ್ಷಕ್ಕೆ ಫಸಲು ನೋಡಬಹುದು. ಜಾಯಿಕಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬೆಳೆಸಿದ ಸಸಿ ಯಾವುದೆಂದು ತಿಳಿಯಲು ಅದು ಹೂ ಬಿಡುವವರೆಗೆ ಆರೇಳು ವರ್ಷ ಕಾಯಬೇಕು, ತುಂಬು ಫಸಲಿಗೆ ಇನ್ನೂ ಹತ್ತಾರು ವರ್ಷ. ಅಷ್ಟು ವಯಸ್ಸು ಯಾರಿಗಿದೆ ಎಂದು ಕೇಂದ್ರದ ಮುದುಕರೊಬ್ಬರು ನಕ್ಕರು. ಇವರು ನಗಲಿಲ್ಲ. 2018ರಲ್ಲಿ ಜಾರಿಹೋದ ಮೂಲೆಗೆ ಏನು ನೆಡುವುದೆಂದು ಆರು ವರ್ಷ ಗೊಂದಲದಲ್ಲಿದ್ದು, ಹೋದ ವರ್ಷ ಬೆಳ್ಳಿ ಓಕ್ ಸಸಿಗಳನ್ನು ನೆಟ್ಟಿದ್ದರು.

ವಾಪಸ್ಸು ಬರುವಾಗ ಒಂದು ಸಣ್ಣ ಅಂಗಡಿಯ ಹಲಗೆಯ ಮೇಲೆ ‘ರೊಟ್ಟಿ’ ಎಂಬ ಪದ ಇಂಗ್ಲಿಷ್ ಅಕ್ಷರದಲ್ಲಿ ಕಂಡು ಇಳಿದೆವು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ, ಕೋಕೋದ ತೋಟಗಳಿಗೆ ಕರಾರಿನ ಮೇಲೆ ಭಾರತದಿಂದ ಕೂಲಿಗಳನ್ನು ತಂದರು. ಗ್ರೆನೇಡಾಕ್ಕೆ ಅವರ ಮೊದಲ ಹಡಗು ಬಂದದ್ದು 1857ರ ಮೇ 1ರಂದು. ಅವರ ಅಡುಗೆ ಈಗ ಎಲ್ಲರ ಅಡುಗೆಯಾಗಿದೆ. ಆಲೂಗೆಡ್ಡೆಯ ಪಲ್ಯವನ್ನು ಮಡಿಸಿದ ರೊಟ್ಟಿಯಲ್ಲಿ ಅರಿಸಿನವೂ ಜೀರಿಗೆಯೂ ಇದ್ದವು, ನಮ್ಮ ನಾಲಿಗೆಗೆ ಗುರುತು ಸಿಕ್ಕಿತು. ಅವರು ಬಂದ ಹಡಗಿನಲ್ಲಿ ಡೆಕ್ ಕುರ್ಚಿಗಳಿರಲಿಲ್ಲ ಎಂಬುದನ್ನು ಯೋಚಿಸುತ್ತಾ ತಿಂದೆ.

ಮಧ್ಯಾಹ್ನ ಗ್ರ್ಯಾಂಡ್ ಆನ್ಸ್ ಕಡಲ ತೀರದಲ್ಲಿ, ನಮ್ಮಿಬ್ಬರಿಗೂ ಈಜು ಬಾರದೆ, ಸೊಂಟದವರೆಗಿನ ನೀರಿನಲ್ಲಿ ಕೈ ಹಿಡಿದುಕೊಂಡು ನಿಂತೆವು. ನೀರು ಬೆಚ್ಚಗಿತ್ತು, ಅಲೆ ಇರಲಿಲ್ಲವೆನ್ನುವಷ್ಟು ಸಣ್ಣದು. ಊರಿನಲ್ಲಿ ಯಾರಾದರೂ ನೋಡಿಯಾರು ಎಂಬ ಸಂಕೋಚವಿಲ್ಲದೆ ನಾವು ಕೈ ಹಿಡಿದದ್ದು ಬಹುಶಃ ಧಾರೆಯ ದಿನದ ನಂತರ ಅದೇ ಮೊದಲು. ಅಷ್ಟೇ, ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಸೇಂಟ್ ಲೂಸಿಯಾದಲ್ಲಿ ನಾವು ಹಡಗಿನಿಂದ ಹೆಚ್ಚು ದೂರ ಹೋಗಲಿಲ್ಲ. ಸಮುದ್ರದಿಂದಲೇ ನೇರವಾಗಿ ಎದ್ದಿರುವ ಪಿಟಾನ್ ಎಂಬ ಜೋಡಿ ಶಿಖರಗಳನ್ನು ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅವುಗಳನ್ನು ಬೆಳಿಗ್ಗೆ ಡೆಕ್ಕಿನಿಂದಲೇ ನೋಡಿದೆವು. ಕ್ಯಾಸ್ಟ್ರೀಸಿನ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ ಮೊಮ್ಮಗನಿಗೊಂದು ಅಂಗಿ ಕೊಂಡು ಮರಳಿದೆವು. ಬಂದರುಗಳು ಸಾಕಾಗಿದ್ದವು ಎಂದರೆ ತಪ್ಪಾದೀತು, ಆದರೆ ಮರುದಿನದ ‘ಸಮುದ್ರದಲ್ಲಿ’ ಎಂಬ ಸಾಲಿಗಾಗಿ ಇವರೇ ಕಾಯುತ್ತಿದ್ದರು. ಆ ಕೊನೆಯ ಹಗಲು ನಾವು ಒಟ್ಟು ಎಷ್ಟು ಮಾತಾಡಿದೆವೋ ಲೆಕ್ಕವಿಲ್ಲ, ಬಹಳ ಕಡಿಮೆ ಎಂದು ಮಾತ್ರ ಬಲ್ಲೆ. ಒಂದು ಸಲ ಇವರು, ಮನೆಯ ಹಿಂದಿನ ಬರೆಗೆ, ಆ ಕಡಿದಾದ ಮಣ್ಣಿನ ದಿಬ್ಬಕ್ಕೆ, ಕಲ್ಲಿನ ಗೋಡೆ ಕಟ್ಟಿಸುವುದಕ್ಕಿಂತ ಲಾವಂಚ ನೆಡುವುದು ಮೇಲು ಎಂದರು. ಇನ್ನೊಂದು ಸಲ ನಾನು, ನನಗೂ ಗಾಳಿಯ ಆ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದೆ.

ಊರಿಗೆ ಬಂದು ಐದು ವಾರಕ್ಕೆ ಮುಂಗಾರು ಹಿಡಿಯಿತು. ಮೊದಲ ದೊಡ್ಡ ಮಳೆಯ ಸಂಜೆಯೇ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಫೋನಿನ ಗೆರೆಗಳೂ ಹೋದವು. ಇವರು ಟಾರ್ಚ್ ಹಿಡಿದು, ಗೊರಬೆ ಹೊದ್ದು, ಪ್ರತಿ ವರ್ಷದಂತೆ ಹಿತ್ತಲಿಗೆ ಹೋಗಿ ಬರೆಯ ಮೇಲೆ ಬೆಳಕು ಬಿಟ್ಟು ಬಿರುಕು ಇದೆಯೇ ಎಂದು ನೋಡಿದರು. ಲಾವಂಚದ ಬುಡಗಳಲ್ಲಿ ಹೊಸ ಚಿಗುರು ಬಂದಿತ್ತಂತೆ. ಕಾಲು ತೊಳೆದುಕೊಂಡು ಬಂದವರು ಒಳಗೆ ಹೋಗದೆ ಜಗಲಿಯ ಎರಡು ಬೆತ್ತದ ಕುರ್ಚಿಗಳನ್ನು ಹತ್ತಿರ ಎಳೆದು, ಒಂದರಲ್ಲಿ ತಾವು ಕುಳಿತು, “ನಾಳೆ ಯಾವ ಬಂದರು?” ಎಂದು ಕೇಳಿದರು.

“ನಾಳೆ ಇಡೀ ದಿನ ಸಮುದ್ರದಲ್ಲಿ” ಎಂದೆ.